ಯಾವ ಸರಕಾರಕ್ಕೆ?

ಮೊನ್ನೆ ಸಂಜೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದ ಪೇಟೆಯಲ್ಲಿ ನನಗೆ ನೀರುಳ್ಳಿ ಬಜೆ ಸಿಗಲಿಲ್ಲ. ಇಷ್ಟೇ ವಿಷಯ. ಹೊರಗೆ ಮಳೆ ಹಿಡಿದಿತ್ತು, ನನ್ನ ಕೊಡೆ ಸೋರುತ್ತಿತ್ತು, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಇಂಥ ಹೊತ್ತಿಗೆ ಒದಗದ ಬಜೆ ಇನ್ಯಾವಾಗ ಒದಗಬೇಕು? “ನೀರುಳ್ಳಿಗೆ ಕ್ರಯ ಏರಿದೆ ಭಟ್ಟರೇ, ಗಿಟ್ಟುವುದಿಲ್ಲ” ಎಂದು ಹೋಟೆಲಿನವರು ಚಾ ಮಾತ್ರ ತಂದಿಟ್ಟರು.

ಎದುರು ಬೆಂಚಿನಲ್ಲಿ ಕುಳಿತಿದ್ದವರೊಬ್ಬರು ಟಿ.ವಿ.ಯಿಂದ ಕಣ್ಣು ಕೀಳದೆಯೇ, “ಈ ಸರಕಾರಕ್ಕೆ ಈ ಸಲ ಬುದ್ಧಿ ಕಲಿಸಲೇಬೇಕು” ಎಂದರು.

“ಯಾವ ಸರಕಾರಕ್ಕೆ?” ಎಂದೆ.

ಕೇಳಬಾರದಿತ್ತು. ಅವರು ನನ್ನನ್ನು ನೋಡಿದರು, ಟಿ.ವಿ.ಯನ್ನು ನೋಡಿದರು. ಅದರಲ್ಲಿ ಬೆಂಗಳೂರಿನ ಚಾನೆಲೊಂದು ಕೆಂಪು ಪಟ್ಟಿಯ ಮೇಲೆ ಏನನ್ನೋ ಅರಚುತ್ತಿತ್ತು. ತಿರುವನಂತಪುರವೋ ಬೆಂಗಳೂರೋ ದಿಲ್ಲಿಯೋ ಎಂದು ಅವರು ಮನಸ್ಸಿನಲ್ಲೇ ತೂಗಿದ್ದು ಹುಬ್ಬಿನಲ್ಲಿ ಕಾಣಿಸಿತು. ಕೊನೆಗೆ ಚಾ ಒಂದು ಗುಟುಕು ಕುಡಿದು, “ಯಾವುದಾದರೂ ಸರಿ” ಎಂದರು.

ನಗಬೇಕೆನಿಸಿದರೂ ನಗಲಿಲ್ಲ; ನನ್ನ ಸ್ಥಿತಿಯೂ ಅದೇ. 1956ರ ನವೆಂಬರ್ 1ರಿಂದ ನಾವು ಕಾಸರಗೋಡಿನವರು ಓಟು ಹಾಕುವುದು ಕೇರಳದಲ್ಲಿ. ಆದರೆ ಬೆಳಗ್ಗೆ ಅಂಗಳಕ್ಕೆ ಬೀಳುವುದು ಮಂಗಳೂರಿನ ಪತ್ರಿಕೆ, ರಾತ್ರಿ ಊಟದ ಜೊತೆಗೆ ಬೆಂಗಳೂರಿನ ಚರ್ಚೆ. ಬೆಂಗಳೂರಿನ ಮಂತ್ರಿಯೊಬ್ಬರ ಮಾತು ಕೇಳಿ ನನಗೆ ಪಿತ್ತ ನೆತ್ತಿಗೇರುತ್ತದೆ. ಏರಿದ ಮೇಲೆ ಏನು ಮಾಡಲಿ? ಆ ಮನುಷ್ಯನನ್ನು ಇಳಿಸುವ ಗುಂಡಿ ನನ್ನ ಬೂತಿನಲ್ಲಿಲ್ಲ. ಸಿಟ್ಟು ಒದ್ದೆ ಕೊಡೆಯ ಹಾಗೆ ಕೈಯಲ್ಲೇ ಉಳಿಯುತ್ತದೆ. ಎಲ್ಲಿ ಇಟ್ಟರೂ ಅಲ್ಲಿ ನೀರು. ಕೊನೆಗೆ ಅದು ಯಾವ ಪಾಪವನ್ನೂ ಅರಿಯದ ಪಂಚಾಯತು ಸದಸ್ಯರ ಕಾಲ ಬುಡದಲ್ಲಿ ಸೋರುತ್ತದೆ. ಉಳಿದವರಿಗೆ ಒಂದು ರಾಜ್ಯದ ಬ್ರೇಕಿಂಗ್ ನ್ಯೂಸು, ನಮಗೆ ಎರಡರದ್ದು, ಎರಡು ಭಾಷೆಯಲ್ಲಿ. ರಕ್ತದೊತ್ತಡದ ಮಾತ್ರೆಗೆ ಗಡಿನಾಡಿನವರಿಗೆ ರಿಯಾಯಿತಿ ಕೊಡಬೇಕು.

ನೀರುಳ್ಳಿಯನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. 1998ರಲ್ಲಿ ಅದರ ಕ್ರಯ ಏರಿದಾಗ ದಿಲ್ಲಿ ರಾಜ್ಯವನ್ನು ಆಳುತ್ತಿದ್ದ ಬಿಜೆಪಿ ಗಾಬರಿಯಾಗಿ ಮುಖ್ಯಮಂತ್ರಿಯನ್ನೇ ಬದಲಿಸಿತು. ಸುಷ್ಮಾ ಸ್ವರಾಜ್ ಬಂದದ್ದು ಅಕ್ಟೋಬರಿನಲ್ಲಿ, ಚುನಾವಣೆ ನವೆಂಬರಿನಲ್ಲಿ. ನೀರುಳ್ಳಿ ನೆಟ್ಟು ಕೀಳುವುದಕ್ಕೇ ಮೂರು ನಾಲ್ಕು ತಿಂಗಳು ಬೇಕು. ಆಕೆಗೆ ಸಿಕ್ಕಿದ್ದು ಎರಡು ತಿಂಗಳೂ ಅಲ್ಲ. ಪಕ್ಷ ಸೋತಿತು. ಆ ಪೆಟ್ಟನ್ನು ಕೇಂದ್ರ ಸರಕಾರದವರು ಎಷ್ಟು ನೆನಪಿಟ್ಟುಕೊಂಡರೆಂದರೆ, 2023ರ ಡಿಸೆಂಬರಿನಲ್ಲಿ ಲೋಕಸಭೆಯ ಚುನಾವಣೆ ಹತ್ತಿರವಾಯಿತೆಂದು ನೀರುಳ್ಳಿ ರಫ್ತನ್ನೇ ನಿಲ್ಲಿಸಿಬಿಟ್ಟರು. ಈ ಸಲ ಕೊಳ್ಳುವವರು ಸುಮ್ಮನಿದ್ದರು, ಬೆಳೆಯುವವರಿಗೆ ಉರಿಯಿತು. 2024ರ ಮೇ 4ರಂದು ನಿಷೇಧ ತೆಗೆದರೂ ಹೊತ್ತು ಮೀರಿತ್ತು. ನಾಸಿಕದ ಸೀಮೆಯ ದಿಂಡೋರಿಯಲ್ಲಿ ಕೇಂದ್ರ ಸಚಿವೆಯೇ ಸೋತರು. ಹಿಂದಿನ ಪರೀಕ್ಷೆಯ ಉತ್ತರವನ್ನು ಬಾಯಿಪಾಠ ಮಾಡಿ ಈ ಸಲದ ಪ್ರಶ್ನೆಪತ್ರಿಕೆಗೆ ಬರೆದ ಹಾಗೆ.

ಈ ವಿದ್ಯೆಯಲ್ಲಿ ಅವರೆಲ್ಲರಿಗಿಂತ ಹಿರಿಯರು ನನ್ನ ಸೋದರಮಾವ.

ಮಾವನಿಗೆ ಮೂರು ಎಕ್ರೆ ಅಡಿಕೆ ತೋಟವಿತ್ತು. ಧಾರಣೆಯ ಸುದ್ದಿ ಎಂದರೆ ಅವರಿಗೆ ಜೀವ. ಪತ್ರಿಕೆ ಬಂದರೆ ಮುಖಪುಟ ಮಗುಚಿ ನೇರ ಧಾರಣೆಯ ಮೂಲೆಗೆ ಹೋಗುತ್ತಿದ್ದರು, ರೇಡಿಯೋದಲ್ಲಿ ಧಾರಣೆ ಬರುವಾಗ ಮನೆಯಲ್ಲಿ ಮಕ್ಕಳು ಕೆಮ್ಮುವಂತಿರಲಿಲ್ಲ. ಕಿಲೋಗೆ ಎರಡು ರೂಪಾಯಿ ಏರಿದರೆ, “ಇನ್ನೂ ಏರುತ್ತದೆ, ಅಟ್ಟದಲ್ಲೇ ಇರಲಿ.” ಎರಡು ರೂಪಾಯಿ ಇಳಿದರೆ, “ಮುಳುಗಿದೆವು, ಸುಲಿಯುವವರಿಗೆ ಹೇಳಿ ಕಳುಹಿಸು.” ಸುಲಿಯುವವರು ಬಂದು ಅರ್ಧ ಸುಲಿಯುವಷ್ಟರಲ್ಲಿ ಧಾರಣೆ ಪುನಃ ಏರಿರುತ್ತಿತ್ತು; ಅವರಿಗೆ ಊಟ ಹಾಕಿ ಕಳುಹಿಸಿ, ಅರೆಬರೆ ಸುಲಿದ ಅಡಿಕೆಯನ್ನು ಅಟ್ಟಕ್ಕೆ ಹೊರುವ ಕೆಲಸ ನನಗೆ.

ಒಂದು ವರ್ಷ ಹೊರದೇಶದ ಅಡಿಕೆ ಹಡಗಿನಲ್ಲಿ ಬಂದು ಇಳಿಯುತ್ತಿದೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದರು. ಮಾವ ಬಸ್ಸಿಳಿದು ಮನೆಗೆ ಬರಲಿಲ್ಲ, ನೇರ ವ್ಯಾಪಾರಿಯ ಬಳಿಗೆ ಹೋದರು. ರಾತ್ರಿ ಒಂಬತ್ತಕ್ಕೆ ಜೀಪು ಅಂಗಳಕ್ಕೆ ಬಂತು. ಕರೆಂಟಿರಲಿಲ್ಲ. ನಾನು ಗೋಣಿಯ ಬಾಯಿ ಅಗಲಿಸಿ ಹಿಡಿದೆ, ಅತ್ತೆ ಚಿಮಿಣಿ ದೀಪ ಹಿಡಿದರು, ಧೂಳಿಗೆ ಇಬ್ಬರೂ ಸೀನಿದೆವು. ವ್ಯಾಪಾರಿಯ ಆಳು ಗೋಣಿಗೆ ಮೊಳಕೈಯವರೆಗೆ ಕೈ ಹಾಕಿ ಒಂದು ಮುಷ್ಟಿ ತೆಗೆದು, ದೀಪದ ಬುಡದಲ್ಲಿ ಹರಡಿ, “ಇದು ಪಟೋರ, ಇದು ಉಳ್ಳಿಗಡ್ಡೆ, ಇದು ಕರಿಗೋಟು” ಎಂದು ಬೇರೆ ಬೇರೆ ಮಾಡಿದ. ಒಳ್ಳೆಯ ಅಡಿಕೆ ಎನ್ನುವ ಗುಂಪಿನಲ್ಲಿ ಉಳಿದದ್ದು ಆರೋ ಏಳೋ. ಉತ್ತರ ಕರ್ನಾಟಕದವರು ನೀರುಳ್ಳಿಗೆ ಉಳ್ಳಿಗಡ್ಡೆ ಎನ್ನುತ್ತಾರಂತೆ. ನಮ್ಮಲ್ಲಿ ಅದು ಕ್ರಯ ಬಾರದ ಅಡಿಕೆಯ ಹೆಸರು. ಹಗಲು ಹೊತ್ತಾಗಿದ್ದರೆ ಮಾವ ಒಂದೊಂದು ಅಡಿಕೆಗೂ ಜಗಳಾಡುತ್ತಿದ್ದರು. ಆ ರಾತ್ರಿ ಮಾತ್ರ ಅವರ ಕಿವಿಯಲ್ಲಿ ಹಡಗಿನ ಸದ್ದು. “ಎಲ್ಲ ತೆಗೆದುಕೊಂಡು ಹೋಗು ಮಾರಾಯ” ಎಂದುಬಿಟ್ಟರು.

ಹಡಗು ಬಂತೋ ಇಲ್ಲವೋ ತಿಳಿಯದು. ತಿಂಗಳೊಳಗೆ ಧಾರಣೆ ಏರಿತು. ಮರುವರ್ಷ ಮಾವ ಹಟ ಹಿಡಿದು ಒಂದು ಅಡಿಕೆಯನ್ನೂ ಮಾರಲಿಲ್ಲ. ಹೊಸತು ಹಳತಾಯಿತು, ಹಳತು ಇನ್ನೂ ಹಳತಾಗಿ ವ್ಯಾಪಾರಿಗಳ ಬಾಯಲ್ಲಿ ಡಬ್ಬಲ್ ಚೋಲಾಯಿತು, ಆಮೇಲೆ ಹುಳವಾಯಿತು. ಆ ಹೊತ್ತಿಗೆ ಊರಿನವರಿಗೆ ಗುಟ್ಟು ಸಿಕ್ಕಿತ್ತು. ನೆರೆಮನೆಯ ಭಾವಯ್ಯ ಬೆಳಗ್ಗೆ ಬೇಲಿಯ ಹತ್ತಿರ ನಿಂತು, “ಭಾವಾ, ಇವತ್ತು ಕೊಡುತ್ತೀರೋ?” ಎಂದು ಬಹಳ ಪ್ರೀತಿಯಿಂದ ಕೇಳುತ್ತಿದ್ದರು. ಮಾವ ಕೊಡುತ್ತೇನೆ ಎಂದರೆ ತನ್ನದನ್ನು ಅಟ್ಟದಲ್ಲೇ ಇಡುವುದಕ್ಕೆ.

ಓಟನ್ನೂ ಮಾವ ಹೀಗೇ ಹಾಕುತ್ತಿದ್ದರು. ಐದು ವರ್ಷ ಹೊಗಳಿದ ಶಾಸಕರನ್ನು ಮತದಾನದ ದಿನ ಬೆಳಗ್ಗೆ ದಾರಿಯಲ್ಲಿ ಚಪ್ಪಲಿಯ ಬಾರು ಕಿತ್ತು ಹೋದ ಸಿಟ್ಟಿಗೆ ಕೈಬಿಟ್ಟದ್ದುಂಟು. “ರಸ್ತೆ ಸರಿ ಇದ್ದರೆ ಬಾರು ಕೀಳುತ್ತಿತ್ತಾ?” ಎಂಬುದು ಅವರ ವಾದ. ಬಾರು ಹಳತಾಗಿತ್ತು ಎಂದು ಅತ್ತೆ ಹೇಳಿದ್ದನ್ನು ನಾನು ಕೇಳಿದ್ದೇನೆ.

ಒಬ್ಬರ ಚಪ್ಪಲಿಯಿಂದ ಏನಾಗುತ್ತದೆ ಎನ್ನಬಹುದು. ಬೇರೆ ಊರಿನವರು ಎನ್ನಲಿ, ನಾವು ಎನ್ನುವಂತಿಲ್ಲ. ನಮ್ಮದು ಮಂಜೇಶ್ವರ ಕ್ಷೇತ್ರ. 1957ರ ಮೊದಲ ಚುನಾವಣೆಯಲ್ಲಿ ಎಂ. ಉಮೇಶ ರಾವ್ ಅವಿರೋಧವಾಗಿ ಗೆದ್ದದ್ದು ಇಲ್ಲೇ, ಒಂದೇ ಒಂದು ಓಟಿಲ್ಲದೆ. ಇದೇ ಕ್ಷೇತ್ರದಲ್ಲಿ 2016ರಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು 89 ಮತಗಳಿಂದ. 2021ರಲ್ಲಿ ಸುರೇಂದ್ರನ್ ಪುನಃ ಸೋತರು, ಅಂತರ 745. ಎಂಬತ್ತೊಂಬತ್ತು ಎಂದರೆ ನಮ್ಮ ಕಡೆಯ ಒಂದು ಸಣ್ಣ ಉಪನಯನದ ಎರಡನೆಯ ಪಂಕ್ತಿ. ಫಲಿತಾಂಶ ಬಂದ ವಾರ ಪೇಟೆಯಲ್ಲಿ ಸಿಕ್ಕಿದವರೆಲ್ಲರ ಬಳಿಯೂ ಒಂದೊಂದು ಎಂಬತ್ತೊಂಬತ್ತು ಇತ್ತು. ಒಬ್ಬರಿಗೆ ಕೊಲ್ಲಿ ದೇಶಗಳಿಂದ ಓಟಿಗೆಂದು ಬಂದವರು ಕಾರಣ, ಇನ್ನೊಬ್ಬರಿಗೆ ಬರದವರು. ಒಬ್ಬರು ಹಿಂದಿನ ರಾತ್ರಿಯ ಟಿ.ವಿ. ಚರ್ಚೆಯೆಂದರು, ಮತ್ತೊಬ್ಬರು ಮದುವೆಯ ಮುಹೂರ್ತವೆಂದರು. ಯಾರನ್ನೂ ಸುಳ್ಳೆನ್ನುವಂತಿಲ್ಲ; ಅಂತರ ಅಷ್ಟು ಸಣ್ಣದಾದರೆ ಎಲ್ಲ ಕಾರಣಗಳೂ ಅದರೊಳಗೆ ಹಿಡಿಸುತ್ತವೆ.

ಇದನ್ನೆಲ್ಲ ಎದುರು ಬೆಂಚಿನವರಿಗೆ ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ಅವರೇ, “ನೀವು ಹೋದ ಸಲ ಯಾರಿಗೆ ಹಾಕಿದಿರಿ, ಯಾಕೆ ಹಾಕಿದಿರಿ?” ಎಂದು ಕೇಳಿದರು. ಯಾರಿಗೆ ಎಂಬುದು ನೆನಪಿದೆ, ಹೇಳಲಿಲ್ಲ. ಯಾಕೆ ಎಂಬುದು ಎಷ್ಟು ತಡಕಿದರೂ ಸಿಗಲಿಲ್ಲ. ಆ ವಾರ ಯಾವುದೋ ಒಂದು ಸುದ್ದಿಗೆ ಭಯಂಕರ ಸಿಟ್ಟು ಬಂದಿತ್ತು, ಮನೆಯಲ್ಲಿ ಪತ್ರಿಕೆ ಬಿಸಾಡಿದ್ದೆ. ಬಿಸಾಡಿದ್ದು ನೆನಪಿದೆ, ಅದು ಹೋಗಿ ಬಿದ್ದದ್ದು ತುಳಸಿಕಟ್ಟೆಯ ಹತ್ತಿರ ಎಂಬುದೂ ನೆನಪಿದೆ. ಸುದ್ದಿ ಮಾತ್ರ ಏನೆಂದು ಹೊಳೆಯುವುದಿಲ್ಲ.

“ಗೋಳಿಬಜೆ ಆಗಬಹುದಾ ಭಟ್ಟರೇ?” ಎಂದು ಹೋಟೆಲಿನವರು ಕೇಳಿದರು. ಆಗಬಹುದು ಎಂದೆ. ಬಂತು. ಆರಿ ಹೋಗಿತ್ತು.