ಹೇಳೋರು ಕೇಳೋರು ಇರುವ ಗುರು

ಹೋದ ತಿಂಗಳು ಪುತ್ತೂರಿನಿಂದ ಅಕ್ಕ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪೋಸ್ಟರ್ ಕಳಿಸಿದಳು. ನೀಲಿ ಸಮುದ್ರ, ತೆಂಗಿನಮರ, ಕಣ್ಣು ಮುಚ್ಚಿ ಕೂತ ಒಬ್ಬಾಕೆ. ಎರಡು ದಿನದ ಆನ್‌ಲೈನ್ ಶಿಬಿರ, ಹವಾಯಿಯ ಪ್ರಾಚೀನ ಹೊಓಪೊನೊಪೊನೊ ವಿದ್ಯೆ, ಕೊನೆಗೊಂದು ಸರ್ಟಿಫಿಕೇಟ್. "ನೀನು ಅಲ್ಲೇ ಇದ್ದೀಯಲ್ಲ ಮಾರಾಯ, ಇದು ಅಸಲಿಯಾ ಅಂತ ಯಾರನ್ನಾದರೂ ಕೇಳಿ ಹೇಳು. ಮನಸ್ಸಿಗೆ ಸಮಾಧಾನ ಸಿಗ್ತದಂತೆ."

ನಾನು ಹೊನೊಲುಲುವಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿ ಹಿರಿಯರನ್ನೆಲ್ಲ ಆಂಟಿ, ಅಂಕಲ್ ಅಂತಲೇ ಕರೆಯುವುದು, ಸಂಬಂಧ ಇರಲಿ ಬಿಡಲಿ. ಅಷ್ಟರಮಟ್ಟಿಗೆ ಬಂದ ದಿನವೇ ಊರಿನ ಹಾಗನಿಸಿತ್ತು. ನಮ್ಮ ಕೆಳಗಿನ ಮನೆಯ ಆಂಟಿ ಹವಾಯಿ ಮೂಲದವರು, ಎಪ್ಪತ್ತು ದಾಟಿದವರು, ಭಾನುವಾರ ಚರ್ಚ್ ತಪ್ಪಿಸದವರು. ಅವರಿಗೆ ಪೋಸ್ಟರ್ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿ, "ಇವರಿಗೆಲ್ಲ ಯಾರ ಜೊತೆ ಜಗಳ?" ಅಂದರು.

"ಜಗಳ ಅಂತೇನಿಲ್ಲ ಆಂಟಿ. ಅವರವರ ಮನೆಯಲ್ಲಿ ಒಬ್ಬೊಬ್ಬರೇ ಕೂತು ಮಾಡುವುದು."

"ಹಾಗಾದರೆ ಎದುರಿಗೆ ಕೂತು ಕ್ಷಮಿಸುವವರು ಯಾರು?"

ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತು. ಹೊಓಪೊನೊಪೊನೊ ಅಂದರೆ ಸರಿಪಡಿಸುವುದು. ಮನೆಯಲ್ಲಿ ಮನಸ್ತಾಪ ಬಂದಾಗ, ಯಾರಾದರೂ ಕಾಯಿಲೆ ಬಿದ್ದು ಮನೆಯೊಳಗಿನ ವೈಮನಸ್ಸೇ ಅದಕ್ಕೆ ಕಾರಣ ಅನಿಸಿದಾಗ, ಹಿರಿಯರೊಬ್ಬರು ಎಲ್ಲರನ್ನೂ ಕೂರಿಸುತ್ತಿದ್ದರು. ಮೊದಲು ಪ್ರಾರ್ಥನೆ. ಆಮೇಲೆ ತಪ್ಪು ಯಾವುದು, ಅದರಿಂದ ಯಾರ್‍ಯಾರಿಗೆ ಏನೇನು ಗಂಟು ಬಿದ್ದಿದೆ ಎಂಬ ವಿಚಾರಣೆ. ಆ ಗಂಟಿಗೆ ಅವರ ಮಾತಿನಲ್ಲಿ ಹಿಹಿಯಾ, ಬಲೆ ಸಿಕ್ಕಾದ ಹಾಗೆ ಅಂತ. ನನಗೆ ಹಿಡಿಸಿದ್ದು ಇದರ ಒಂದು ಕಟ್ಟುಪಾಡು: ಮಾತನಾಡುವವರು ಒಬ್ಬರಿಗೊಬ್ಬರು ಹೇಳುವಂತಿಲ್ಲ, ಎಲ್ಲರೂ ನಡೆಸಿಕೊಡುವ ಹಿರಿಯರಿಗೇ ಹೇಳಬೇಕು. ಸಿಟ್ಟು ಭುಗಿಲೆದ್ದರೆ ಅವರು ಮಾತು ನಿಲ್ಲಿಸಿ, ಎಲ್ಲರನ್ನೂ ಸುಮ್ಮನೆ ಕೂರಿಸುತ್ತಾರೆ. ತಪ್ಪೊಪ್ಪಿಗೆಯಾಗಿ, ಎರಡು ಕಡೆಯವರೂ ಬಿಟ್ಟುಕೊಟ್ಟು, ಕೊನೆಗೆ ಒಟ್ಟಿಗೆ ಊಟ. ಜಮೀನು ಪಾಲಿನ ಜಗಳ ಕಂಡವರು ಯಾರಾದರೂ ಹೇಳಲಿ, ಇದು ಎರಡು ದಿನದಲ್ಲಿ ಕಲಿಯುವ ವಿದ್ಯೆಯಾ?

ಇದನ್ನು ವಿವರವಾಗಿ ಬರೆದಿಟ್ಟವರು ಮೇರಿ ಕವೇನಾ ಪುಕುಯಿ. 1895ರಲ್ಲಿ ಹವಾಯಿ ದ್ವೀಪದ ಕಾಊ ಸೀಮೆಯಲ್ಲಿ ಹುಟ್ಟಿ, ಅಜ್ಜಿಯ ಮಡಿಲಲ್ಲಿ ಬೆಳೆದು, ಬಿಷಪ್ ಮ್ಯೂಸಿಯಂನಲ್ಲಿ ದಶಕಗಟ್ಟಲೆ ದುಡಿದವರು. ಅದೇ ದ್ವೀಪಕ್ಕೆ 1917ರಲ್ಲಿ ಮ್ಯಾಕ್ಸ್ ಫ್ರೀಡಂ ಲಾಂಗ್ ಎಂಬ ಅಮೆರಿಕದ ಮೇಷ್ಟ್ರು ಶಾಲೆ ಕಲಿಸಲು ಬಂದ. ಸ್ಥಳೀಯರು ತಮ್ಮ ಒಳಗುಟ್ಟನ್ನು ಅವನಿಗೆ ಹೇಳಲಿಲ್ಲ. ವಾಪಸು ಹೋದ ಮೇಲೆ, ಮಿಷನರಿಯೊಬ್ಬರು ಮಾಡಿದ ಹಳೆಯ ನಿಘಂಟು ಹಿಡಿದು ಹವಾಯಿ ಪದಗಳನ್ನು ತುಂಡು ತುಂಡು ಮಾಡಿ, ತುಂಡಿಗೊಂದು ಗೂಢಾರ್ಥ ಹಚ್ಚಿ, ‘ಹುನಾ’ ಎಂಬ ದರ್ಶನವನ್ನೇ ಕಟ್ಟಿದ. 1936ರಿಂದ ಪುಸ್ತಕಗಳೂ ಬಂದವು. ಹುನಾ ಅಂದರೆ ಬಚ್ಚಿಟ್ಟದ್ದು, ಗುಟ್ಟು ಅಂತ ಅರ್ಥವಿದೆ ನಿಜ, ಆದರೆ ಹವಾಯಿಯವರು ತಮ್ಮ ನಂಬಿಕೆಗೆ ಆ ಹೆಸರು ಇಟ್ಟುಕೊಂಡವರೇ ಅಲ್ಲ. ಕಿಟ್ಟೆಲ್ ನಿಘಂಟು ತೆಗೆದು ನಮ್ಮ ದೈವಾರಾಧನೆಯ ‘ಕೋಲ’ವನ್ನು ಕೋ, ಲ ಅಂತ ಒಡೆದು, ‘ಇದು ತುಳುನಾಡಿನ ರಹಸ್ಯ ವಿಜ್ಞಾನ’ ಅಂತ ಯಾರಾದರೂ ಶಿಬಿರ ನಡೆಸಿದರೆ ನಾವು ನಗುತ್ತೇವಲ್ಲ, ಹಾಗೆ. ಇಲ್ಲಿಯವರಿಗೆ ಮಾತ್ರ ನಗು ಬರುವುದಿಲ್ಲ.

ಕಹುನಾ ಎಂಬ ಪದದ ಗತಿಯೂ ಅದೇ. ದೋಣಿ ಕೆತ್ತುವುದರಲ್ಲಿ ಪಳಗಿದವನು ಕಹುನಾ, ಮದ್ದಿನ ಸೊಪ್ಪು ಬಲ್ಲವನು ಕಹುನಾ, ಪ್ರಾರ್ಥನೆ ಬಲ್ಲವನೂ ಕಹುನಾ. ಏನು ಬಲ್ಲವನು ಅಂತ ಹೇಳದೆ ಬರೀ ಕಹುನಾ ಅಂತ ವಿಸಿಟಿಂಗ್ ಕಾರ್ಡಿನಲ್ಲಿ ಹಾಕಿಕೊಂಡವರನ್ನು ಕಂಡರೆ ಆಂಟಿಗೆ ಮೈ ಉರಿಯುತ್ತದೆ.

ಹಾಗಂತ ಹಳೆಯದೆಲ್ಲ ಕದಲದೆ ಹಾಗೇ ಉಳಿದಿದೆ ಅಂತಲೂ ಅಲ್ಲ. ಗಂಡಸರೂ ಹೆಂಗಸರೂ ಜೊತೆಗೆ ಕೂತು ಉಣ್ಣಬಾರದು ಎಂಬ ನಿಷೇಧವನ್ನು ರಾಜನೂ ರಾಣಿಯರೂ 1819ರಲ್ಲಿ ತಾವೇ ಮುರಿದರು. ಗುಡಿಗಳೂ ಮೂರ್ತಿಗಳೂ ಆಗಲೇ ಉರುಳಿದವು. ಮಿಷನರಿಗಳ ಹಡಗು ಬಂದದ್ದು ಮರುವರ್ಷ. 1976ರಲ್ಲಿ ಮೊರ್ನಾ ಸಿಮಿಯೋನಾ ಎಂಬ ಹವಾಯಿಯ ಹೆಂಗಸೇ ಹೊಓಪೊನೊಪೊನೊವನ್ನು ಒಬ್ಬರೇ ಮಾಡಿಕೊಳ್ಳುವ ಹಾಗೆ ಬದಲಿಸಿದರು. ಮುಂದೆ ಅವರ ಶಿಷ್ಯರೊಬ್ಬರೂ ಅಮೆರಿಕದ ಮಾರ್ಕೆಟಿಂಗ್ ಲೇಖಕರೊಬ್ಬರೂ ಸೇರಿ 2007ರಲ್ಲಿ ತಂದ ಪುಸ್ತಕದಿಂದ ‘ತಪ್ಪಾಯಿತು, ಕ್ಷಮಿಸು, ಪ್ರೀತಿಸುತ್ತೇನೆ, ಧನ್ಯವಾದ’ಗಳ ನಾಲ್ಕು ಸಾಲಿನ ಮಂತ್ರ ಲೋಕವಿಡೀ ಹಬ್ಬಿ ಪುತ್ತೂರಿಗೂ ಬಂತು. ಸಿಮಿಯೋನಾ ಬಗ್ಗೆ ಕೇಳಿದರೆ ಆಂಟಿ, "ಅದು ಅವರು ಮಾಡಿದ್ದು. ನನ್ನ ಅಜ್ಜಿ ಮಾಡುತ್ತಿದ್ದದ್ದು ಅದಲ್ಲ" ಅಂದು ಸುಮ್ಮನಾದರು. ನಾಲ್ಕು ಸಾಲಿನ ಮಾತೆತ್ತಿದರೆ ಅಷ್ಟೂ ಉತ್ತರವಿಲ್ಲ.

ನನ್ನ ಮಗಳು ಇಲ್ಲಿಯ ಸಾಂಪ್ರದಾಯಿಕ ಕುಣಿತವಾದ ಹುಲಾ ಕಲಿಯಲು ಸೇರಿದ ಮೇಲೆ ನನಗೆ ಇದು ಇನ್ನಷ್ಟು ತಿಳಿಯಾಯಿತು. ತರಗತಿಗೆ ನುಗ್ಗುವ ಹಾಗಿಲ್ಲ. ಮಕ್ಕಳು ಬಾಗಿಲ ಹೊರಗೆ ಸಾಲಾಗಿ ನಿಂತು, ಒಳಗೆ ಬರಲೇ ಎಂದು ಹಾಡಿ ಕೇಳಬೇಕು. ಒಳಗಿನಿಂದ ಗುರುಗಳ ಮರುಹಾಡು ಬಂದರೆ ಪ್ರವೇಶ. ಮೊದಲ ವಾರ ದನಿ ಮೇಲೇಳದೆ ಮಕ್ಕಳು ಮೂರು ಸಲ ಹಾಡಿದರು, ಒಳಗೆ ಸದ್ದೇ ಇಲ್ಲ. ತೂರು ಮಳೆ ಬೇರೆ. ನಾನು ಕಾರಿನಲ್ಲಿ ಕೂತು ಚಡಪಡಿಸಿದೆ. ನಾಲ್ಕನೇ ಸಲಕ್ಕೆ ಬಾಗಿಲು ತೆರೆಯಿತು. ಗುರುವಿಗೆ ಇಲ್ಲಿ ಕುಮು ಅನ್ನುತ್ತಾರೆ, ಮರದ ಬುಡಕ್ಕೂ ಅದೇ ಪದ. ಮಗಳು ತನ್ನ ಕುಮುವಿನ ಹೆಸರು ಹೇಳುವಾಗ ಅವರ ಕುಮುವಿನ ಹೆಸರನ್ನೂ ಸೇರಿಸಿಯೇ ಹೇಳುತ್ತಾಳೆ. 1830ರಲ್ಲಿ ಬಹಿರಂಗ ಹುಲಾಕ್ಕೆ ನಿಷೇಧ ಬಿತ್ತು, 1883ರಲ್ಲಿ ಕಲಾಕೌವಾ ದೊರೆ ತನ್ನ ಪಟ್ಟಾಭಿಷೇಕದಲ್ಲಿ ಅದನ್ನು ಮತ್ತೆ ಅಂಗಳಕ್ಕೆ ತಂದ. ನಡುವಿನ ವರ್ಷಗಳಲ್ಲಿ ಮನೆ ಮೂಲೆಗಳಲ್ಲಿ ಕಲಿಸಿದವರು ಇಲ್ಲದಿದ್ದರೆ ಆ ಹೆಸರಿನ ಸರಪಳಿಯೇ ಇರುತ್ತಿರಲಿಲ್ಲ.

ಹಾಗಾದರೆ ಹವಾಯಿಯ ರಕ್ತವಿದ್ದವರೇ ಗುರುವಾಗಬೇಕಾ? ಹಾಗೆನ್ನಲು ನನಗೆ ಬಾಯಿ ಬರುವುದಿಲ್ಲ. ಕವಾಯಿ ದ್ವೀಪದಲ್ಲಿ ಇರೈವನ್ ಎಂಬ ಶಿವಾಲಯವಿದೆ. ಅದರ ಬಿಳಿ ಕಲ್ಲುಗಳನ್ನು ಬೆಂಗಳೂರಿನ ಹೊರವಲಯದಲ್ಲಿ ಶಿಲ್ಪಿಗಳು ವರ್ಷಗಟ್ಟಲೆ ಉಳಿಯಲ್ಲೇ ಕೆತ್ತಿ ಹಡಗಿಗೆ ಹಾಕಿದ್ದು. ಅದು ಇರುವ ಮಠವನ್ನು ಕಟ್ಟಿದ ಶಿವಾಯ ಸುಬ್ರಮುನಿಯ ಸ್ವಾಮಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು, ದೀಕ್ಷೆ ಪಡೆದದ್ದು ಜಾಫ್ನಾದ ಯೋಗಸ್ವಾಮಿಯಿಂದ. ಆ ಕಲ್ಲಿನ ಮೇಲೆ ಕೈಯಿಟ್ಟು ನಿಂತಾಗ ಬಿಳಿಯರು ನಮ್ಮದನ್ನು ಕದ್ದರು ಅಂತ ನನಗೇನೂ ಅನಿಸಲಿಲ್ಲ. ಅವರಿಗೆ ಕೊಟ್ಟವರೊಬ್ಬರಿದ್ದರು.

ನಮ್ಮ ಕಡೆ ಕೋಲ ಕಟ್ಟುವವರು ಎಣ್ಣೆ ಬೂಳ್ಯ, ಅಂದರೆ ಎಣ್ಣೆ ವೀಳ್ಯದ ಅಪ್ಪಣೆ, ಪಡೆಯದೆ ವೇಷಕ್ಕೆ ಕೂರುವುದಿಲ್ಲ. ಕಾಲಿಗೆ ಗಗ್ಗರ ಕಟ್ಟಿ ದೈವವಾಗಿ ನಿಂತವರಿಗೂ ಗುತ್ತಿನ ಮನೆಯ ಯಜಮಾನರು, ಊರ ಹತ್ತು ಸಮಸ್ತರು ಎದುರಿಗಿರುತ್ತಾರೆ. ನುಡಿ ತಪ್ಪಿದರೆ, ಕಟ್ಟು ಮೀರಿದರೆ ಊರು ಕೇಳುತ್ತದೆ. ಸಿನಿಮಾದ ಅಲೆಯಲ್ಲಿ ದೈವದ ವೇಷ ಹಾಕಿ ಥಿಯೇಟರಿನಲ್ಲಿ ಅಬ್ಬರಿಸಿದವರನ್ನು ಕಂಡು ಊರವರಿಗೆ ಸಂಕಟವಾದದ್ದು ಅವರ ಜಾತಿ ಊರು ನೋಡಿ ಅಲ್ಲ, ಅವರಿಗೆ ಹೇಳೋರು ಕೇಳೋರು ಯಾರೂ ಇರಲಿಲ್ಲ ಅಂತ. ಶಿಬಿರದ ಗುರುಗಳನ್ನು ನಾನು ಅಳೆಯುವುದೂ ಇದೇ ಸೇರಿನಲ್ಲಿ. ಅವರು ತಪ್ಪು ಹೇಳಿಕೊಟ್ಟರೆ, ‘ಏಯ್, ಅದು ಹಾಗಲ್ಲ’ ಅಂತ ಗದರಿಸುವ ಅಜ್ಜಿ ಯಾವ ಊರಿನಲ್ಲಾದರೂ ಇದ್ದಾರಾ? ಪೋಸ್ಟರಿನಲ್ಲಿ ಫೀಸು ಇತ್ತು, ಸಮಯ ಇತ್ತು. ಕಲಿಸುವವರು ಯಾರಿಂದ ಕಲಿತರು ಅಂತ ಇರಲಿಲ್ಲ.

ಅಕ್ಕನಿಗೆ ಇದನ್ನೆಲ್ಲ ಬರೆಯಲಿಲ್ಲ. ಅವಳಿಗೂ ದೊಡ್ಡಣ್ಣನಿಗೂ ತೋಟದ ಪಾಲಿನ ವಿಷಯಕ್ಕೆ ಮಾತು ಬಿಟ್ಟು ಆರು ವರ್ಷ. ಫೋನ್ ಮಾಡಿ, ಆಂಟಿ ಹೇಳಿದ್ದನ್ನು ಹೇಳಿದೆ. "ಅಸಲಿ ಬೇಕಿದ್ದರೆ ಅತ್ತೆಯನ್ನು ನಡುವೆ ಕೂರಿಸಿಕೊಂಡು ದೊಡ್ಡಣ್ಣನ ಎದುರು ಕೂತುಕೊಳ್ಳಬೇಕಂತೆ ಅಕ್ಕ. ಕೊನೆಗೆ ಒಟ್ಟಿಗೆ ಊಟವೂ ಮಾಡಬೇಕಂತೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರ್ ಒಂದು ಸೀಟಿ ಹಾಕಿತು.

"ಅದಕ್ಕಿಂತ ಕೋರ್ಸೇ ವಾಸಿ ಮಾರಾಯ," ಅಂದಳು.