ಡೌನ್ ಜಾಕೆಟ್ ಮತ್ತು ನಮ್ಮ ಬೆಳಗಾವಿಯ ಮಳೆಗಾಲ

ಡಿಸೆಂಬರ್ ರಜೆ ಹತ್ತಿರ ಬಂತು. ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೊರಟ ಗೆಳೆಯರು ಒಬ್ಬೊಬ್ಬರಾಗಿ ಮೆಸೇಜ್ ಮಾಡುತ್ತಿದ್ದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ, "ಯಾವ ಜಾಕೆಟ್ ತಗೋಬೇಕು?" ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಕೊಳ್ಳುವ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೊಂಡ ಮೇಲೆ ಕಾಪಾಡುವ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಜಾಕೆಟ್ ಹಾಳಾಗುವುದರಲ್ಲಿತ್ತು, ಅದಕ್ಕೇ ಇಷ್ಟು ಹೇಳಬೇಕು ಅನಿಸುತ್ತಿದೆ.

ಮೊದಲು ಒಂದು ಮಾತು. ಬೆಳಗಾವಿಯಲ್ಲಿ ಹಾಕಿಕೊಳ್ಳಲಿಕ್ಕೆ ಅಂತ ಡೌನ್ ಜಾಕೆಟ್, ಅಂದರೆ ಹಕ್ಕಿಯ ತುಪ್ಪಳ ತುಂಬಿದ ಜಾಕೆಟ್, ಕೊಳ್ಳಬೇಡಿ. ನಮ್ಮ ಊರಲ್ಲಿ ಕಾಡುವುದು ಚಳಿಗಿಂತ ಗಾಳಿ. ಜನವರಿಯ ಬೆಳಿಗ್ಗೆ ಯಳ್ಳೂರಿನ ರಾಜಹಂಸಗಡ ಹತ್ತಿ ನಿಂತವರಿಗೆ ಇದು ಗೊತ್ತು. 10 ಡಿಗ್ರಿ ಚಳಿಯಲ್ಲಿ 60 ಕಿಲೋಮೀಟರ್ ವೇಗದಲ್ಲಿ ಬೈಕ್ ಓಡಿಸಿದರೆ ಮೈಗೆ ಸುಮಾರು 5 ಡಿಗ್ರಿಯಷ್ಟು ಚಳಿ ಅನಿಸುತ್ತದೆ. ಅದಕ್ಕೆ ಒಳಗೊಂದು ಉಣ್ಣೆಯ ಸ್ವೆಟರ್, ಮೇಲೊಂದು ಗಾಳಿ ತಡೆಯುವ ವಿಂಡ್‌ಚೀಟರ್ ಸಾಕು. ಡೌನ್ ಏನಿದ್ದರೂ ಹಿಮಾಲಯದ ಲೇಹ್, ಸ್ಪಿತಿ, ಕೇದಾರಕಂಠದಂಥ ಕಡೆ ಹೋಗುವವರಿಗೆ. ಒಂದೇ ಸಲ ಹೋಗುವವರಾದರೆ ಬಾಡಿಗೆಗೆ ತಗೊಳ್ಳಿ, ಅದೇ ಜಾಣತನ.

ಡೌನ್ ಅಂದರೆ ಬಾತುಕೋಳಿ, ಹೆಬ್ಬಾತುಗಳ ಹೊರಗಿನ ಗರಿಯ ಕೆಳಗೆ ಮೈಗೆ ಅಂಟಿಕೊಂಡಿರುವ ತುಪ್ಪಳ. ಅದರಲ್ಲಿ ಗರಿಯ ಗಟ್ಟಿ ಕಡ್ಡಿ ಇರುವುದಿಲ್ಲ. ಅರಳಿದ ಹತ್ತಿಯ ಹಾಗೆ ಉಬ್ಬಿ ನಿಲ್ಲುತ್ತದೆ. ಬೆಚ್ಚಗಿಡುವುದು ಆ ತುಪ್ಪಳದ ನಡುವೆ ಸಿಕ್ಕಿಬಿದ್ದ ಗಾಳಿ. ನಾನು ಇದನ್ನು ಓದಿ ತಿಳಿದಿದ್ದೆ. ಅರ್ಥವಾಗಿದ್ದು ಮಾತ್ರ ಅವ್ವನಿಂದ. ಹೊಸ ಜಾಕೆಟ್ಟನ್ನು ಕೈಯಲ್ಲಿ ಒತ್ತಿ ನೋಡಿ, "ಇದು ಗಾದಿ ಇದ್ದಂಗ ಐತಿ ನೋಡಪಾ. ಹತ್ತಿ ಉಬ್ಬಿದ್ರ ಬೆಚ್ಚಗ, ಕುಂತ್ರ ತಣ್ಣಗ" ಅಂದಳು. ಇಡೀ ವಿಷಯ ಇಷ್ಟೇ ನೋಡಿ. ಆರಿಸುವುದು, ತೊಡುವುದು, ತೊಳೆಯುವುದು, ಎತ್ತಿಡುವುದು ಎಲ್ಲವೂ ಆ ಉಬ್ಬು ಉಳಿಸಿಕೊಳ್ಳುವ ಕೆಲಸವೇ.

ಅಂಗಡಿಯಲ್ಲಿ "ಸರ್, ಇದು 800 ಫಿಲ್ ಪವರ್" ಅಂತ ಹೇಳಿ ಸುಮ್ಮನಾಗುತ್ತಾರೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪಳ ಅರಳಿದಾಗ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಅನ್ನುವ ಲೆಕ್ಕ ಅದು. 550, 650, 800 ಹೀಗೆ ಬರುತ್ತವೆ. ಅಂಕಿ ದೊಡ್ಡದಾದಷ್ಟೂ ತುಪ್ಪಳ ಒಳ್ಳೆಯದು, ಹಗುರ, ದುಬಾರಿ. ಆದರೆ ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತಲೂ ಕೇಳಲೇಬೇಕು. 60 ಗ್ರಾಂ ತುಂಬಿದ 800ರ ಜಾಕೆಟ್‌ಗಿಂತ 150 ಗ್ರಾಂ ತುಂಬಿದ 600ರ ಜಾಕೆಟ್ ಎಷ್ಟೋ ಬೆಚ್ಚಗಿರುತ್ತದೆ. ಲೇಬಲ್ ಮೇಲೆ 90/10 ಅಂತಿದ್ದರೆ ತೊಂಬತ್ತು ಪಾಲು ತುಪ್ಪಳ, ಹತ್ತು ಪಾಲು ಗರಿ. ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಗುರುತು ಇದೆಯಾ ನೋಡಿ. ಬದುಕಿರುವ ಹಕ್ಕಿಯ ಮೈಯಿಂದ ಪುಕ್ಕ ಕೀಳಬಾರದು ಅನ್ನುವ ನಿಯಮ ಅದರಲ್ಲಿದೆ. ನನಗೆ ಇದು ಸಣ್ಣ ವಿಷಯ ಅಲ್ಲ. ಆ ಗುರುತು ಇಲ್ಲದಿದ್ದರೆ ನಾನು ಕೊಳ್ಳುವುದಿಲ್ಲ.

ಇನ್ನು ಹೊಲಿಗೆ. ಹಗುರ ಜಾಕೆಟ್‌ಗಳನ್ನು ನಮ್ಮ ಕೌದಿಯ ಹಾಗೆ ಆರಪಾರ ಹೊಲಿದಿರುತ್ತಾರೆ. ಹೊಲಿಗೆ ಬಿದ್ದ ಗೆರೆಯಲ್ಲಿ ತುಪ್ಪಳ ಇರುವುದಿಲ್ಲ. ಜೋರು ಗಾಳಿ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಕೇದಾರಕಂಠದ ತುದಿ ಸುಮಾರು 3,800 ಮೀಟರ್ ಎತ್ತರ. ಅಲ್ಲಿ ಬೆಳಗಿನ ಜಾವದ ಗಾಳಿಗೆ ನನ್ನ ಬೆನ್ನಿನ ಮೇಲೆ ಆ ಒಂದೊಂದು ಗೆರೆಯನ್ನೂ ಎಣಿಸಬಹುದಿತ್ತು. ಜತೆಗಿದ್ದವರೊಬ್ಬರು ತಮ್ಮ ದೊಡ್ಡ ರೇನ್‌ಕೋಟ್ ಮೇಲೆ ಹಾಕಿಕೊಳ್ಳಲು ಕೊಟ್ಟರು. ಐದು ನಿಮಿಷದಲ್ಲಿ ಮೈ ಬೆಚ್ಚಗಾಯಿತು. 1922ರಲ್ಲಿ ಎವರೆಸ್ಟ್ ಹತ್ತಲು ಹೋದ ಜಾರ್ಜ್ ಫಿಂಚ್ ಡೌನ್ ತುಂಬಿದ ಕೋಟು ಹೊಲಿಸಿಕೊಂಡು ಹೋಗಿದ್ದರು. ಹೊರಗಿನ ಬಟ್ಟೆಗೆ ಅವರು ಆರಿಸಿದ್ದು ಆಕಾಶಕ್ಕೆ ಹಾರುವ ದೊಡ್ಡ ಬಲೂನಿನ ಬಟ್ಟೆ, ಗಾಳಿ ದಾಟದಂಥದ್ದು. ನೂರು ವರ್ಷದ ಹಿಂದೆಯೇ ಅವರಿಗೆ ಇದು ಹೊಳೆದಿತ್ತು. ಹಾಗಾಗಿ ಡೌನ್ ಮೇಲೆ ಹಾಕಲು ತೆಳುವಾದ, ಗಾಳಿ ತಡೆಯುವ ಒಂದು ಅಂಗಿ ಇರಲೇಬೇಕು. ಅದು ಸಡಿಲ ಇರಲಿ. ಬಿಗಿಯಾದರೆ ತುಪ್ಪಳ ಒತ್ತಿಹೋಗುತ್ತದೆ, ಅವ್ವ ಹೇಳಿದ ಕುಂತ ಗಾದಿಯೇ ಆಗುತ್ತದೆ.

ನಡೆಯುವಾಗ ಡೌನ್ ಹಾಕಬೇಡಿ. ಬೆವರು ಒಳಗೆ ಇಳಿಯುತ್ತದೆ. ನಿಂತಾಗ, ಕೂತಾಗ ಹಾಕಿ. ತುಪ್ಪಳದ ದೊಡ್ಡ ಶತ್ರು ನೀರು. ಜಿಟಿಜಿಟಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಕುರಿ ಕಾಯುವವರನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಉಣ್ಣೆ ತೊಯ್ದರೂ ಸ್ವಲ್ಪ ಬೆಚ್ಚಗಿರುತ್ತದೆ. ಡೌನ್ ತೊಯ್ದರೆ ಗಂಟುಗಂಟಾಗಿ ಬೆಚ್ಚಗಿಡುವುದನ್ನೇ ಬಿಡುತ್ತದೆ. ಮಳೆ ಇರುವ ಕಡೆ ಹೋಗುವವರು ಸಿಂಥೆಟಿಕ್ ತುಂಬಿದ ಜಾಕೆಟ್ ತಗೊಳ್ಳಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಟ್ರೆಕ್ಕಿಂದ ಬಂದವನು ಜಾಕೆಟ್ಟನ್ನು ಅದರ ಪುಟ್ಟ ಚೀಲಕ್ಕೆ ತುರುಕಿ ಅಟ್ಟದ ಮೇಲೆ ಇಟ್ಟುಬಿಟ್ಟೆ. ಜೂನ್ ಬಂತು. ನಮ್ಮ ಮಳೆಗಾಲ ಗೊತ್ತಲ್ಲ, ಕಪಾಟಿನಲ್ಲಿರುವ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಕ್ಟೋಬರ್‌ನಲ್ಲಿ ತೆಗೆದರೆ ಮುಗ್ಗಲು ವಾಸನೆ. ಗಾಬರಿಯಲ್ಲಿ ಒಂದು ಲಾಂಡ್ರಿಗೆ ಕೊಟ್ಟೆ. ಅವರು ಬೆಡ್‌ಶೀಟ್ ತೊಳೆದ ಹಾಗೆ ತೊಳೆದು, ಹಿಂಡಿ, ಇಸ್ತ್ರಿ ಮಾಡಿ ಕೊಟ್ಟರು. ಜಾಕೆಟ್ ಹಪ್ಪಳದ ಹಾಗಾಗಿತ್ತು. ನನಗೆ ನಿಜಕ್ಕೂ ಅಳು ಬಂದಿತ್ತು. ಎಷ್ಟು ಹಕ್ಕಿಗಳ ತುಪ್ಪಳವೋ, ಅದನ್ನು ಹೀಗೆ ಮಾಡಿಬಿಟ್ಟೆನಲ್ಲ ಅಂತ.

ಸರಿ ಮಾಡಿದ್ದು ಅವ್ವನೇ. ಮತ್ತೆ ನೀರಿನಲ್ಲಿ ನೆನೆಸಿ, ಹಿಂಡದೆ ಬರೀ ಒತ್ತಿ ನೀರು ತೆಗೆದು, ನೆರಳಲ್ಲಿ ಮಂಚದ ಮೇಲೆ ಹರಡಿದೆವು. ಮೇಲೆ ಫ್ಯಾನ್. ಎರಡು ತಾಸಿಗೊಮ್ಮೆ ಮಗುಚಿ ಹಾಕಿ, ಹೊಲಿಗೆಯ ಒಂದೊಂದು ಮನೆಯಲ್ಲೂ ಗಂಟು ಬಿದ್ದ ತುಪ್ಪಳವನ್ನು ಬೆರಳಿನಿಂದ ಬಿಡಿಸುತ್ತಾ ಹೋದಳು. ಗಾದಿಯ ಹತ್ತಿ ಹಿಂಜಿದ ಹಾಗೆ. ಮೂರು ದಿನ ಹಿಡಿಯಿತು. ಮೊದಲಿನಷ್ಟು ಅಲ್ಲದಿದ್ದರೂ ಮುಕ್ಕಾಲು ಪಾಲು ಉಬ್ಬು ವಾಪಸ್ ಬಂತು. ಡ್ರೈಯರ್ ಇದ್ದವರು ಕಡಿಮೆ ಬಿಸಿಯಲ್ಲಿ ಎರಡು ಮೂರು ಟೆನಿಸ್ ಚೆಂಡು ಹಾಕಿ ತಿರುಗಿಸುತ್ತಾರೆ. ಕೆಲಸ ಅದೇ, ಗಂಟು ಒಡೆಯುವುದು.

ಅಂದಿನಿಂದ ನನ್ನ ಕ್ರಮ ಇದು. ವರ್ಷಕ್ಕೊಮ್ಮೆ, ಅದೂ ಕೊಳೆಯಾಗಿದ್ದರೆ ಮಾತ್ರ, ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ತೊಳೆಯುತ್ತೇನೆ. ಆಗ ಗಾಳಿ ಒಣ ಇರುತ್ತದೆ. ಡೌನ್‌ಗೆ ಅಂತಲೇ ಸಿಗುವ ಸೋಪು ಬಳಸುತ್ತೇನೆ. ಬ್ಲೀಚ್, ಕಂಫರ್ಟ್ ಯಾವುದೂ ಬೇಡ. ಕಾಲರ್ ಮಾತ್ರ ಕೊಳೆಯಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಬಿಸಿಲಿಗೆ ಹಾಕಿ ಮರೆಯಬೇಡಿ, ನೈಲಾನ್ ಬಟ್ಟೆ ಬಿಸಿಲಿಗೆ ಸವೆಯುತ್ತದೆ. ಕ್ಯಾಂಪ್‌ಫೈರ್ ಹತ್ತಿರ ಕೂರಬೇಡಿ, ಒಂದು ಕಿಡಿ ಸಾಕು ತೂತು ಬೀಳಲು. ತೂತು ಬಿದ್ದರೆ ಸೂಜಿ ಹಾಕಬೇಡಿ, ರಿಪೇರಿ ಟೇಪ್ ಅಂಟಿಸಿ. ತುಪ್ಪಳ ಹೊರಗೆ ಇಣುಕಿದರೆ ಎಳೆಯಬೇಡಿ, ಬಟ್ಟೆಯ ಒಳಬದಿಯಿಂದ ಹಿಡಿದು ಒಳಗೆ ಜಗ್ಗಿ.

ಮಳೆಗಾಲಕ್ಕೆ ಹಳೆಯ ದಿಂಬಿನ ಚೀಲದಲ್ಲಿ ಸಡಿಲವಾಗಿ ಹಾಕಿ, ಗೋಡೆಗೆ ತಾಗದ ಹಾಗೆ ಕಪಾಟಿನಲ್ಲಿ ತೂಗುಹಾಕುತ್ತೇನೆ. ಪ್ಲಾಸ್ಟಿಕ್ ಚೀಲ ಬೇಡ. ಮಳೆ ಬಿಟ್ಟ ದಿನ ಹೊರತೆಗೆದು ಅರ್ಧ ದಿನ ಫ್ಯಾನ್ ಕೆಳಗೆ ಇಡುತ್ತೇನೆ. ನೆನಪಿಸುವುದು ಅವ್ವ.

ನನ್ನದು ಮೀಡಿಯಂ ಸೈಜ್. ಈ ಡಿಸೆಂಬರ್‌ನಲ್ಲಿ ನಾನು ಎಲ್ಲೂ ಹೋಗುತ್ತಿಲ್ಲ. ಬೆಳಗಾವಿಯ ಗೆಳೆಯರಲ್ಲಿ ಯಾರಿಗಾದರೂ ಬೇಕಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ವಾಪಸ್ ಕೊಡುವಾಗ ಚೀಲಕ್ಕೆ ತುರುಕದೆ ಕೈಯಲ್ಲಿ ಹಿಡಿದು ತಂದರೆ ಸಾಕು.