ಅದೇ ಮೆಟ್ಟಿಲು, ಅದೇ ಭಾನುವಾರ

ದಂಪತಿಗಳು ಜೊತೆಯಾಗಿ ಮಾಡುವ ಚಟುವಟಿಕೆ ಪ್ರತಿ ಬಾರಿಯೂ ಹೊಸದಾಗಿರಬೇಕು, ಇಲ್ಲದಿದ್ದರೆ ಬೇಸರ ಹುಟ್ಟುತ್ತದೆ ಎಂದು ಈಚೆಗೆ ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಮೈಸೂರಿನವರಾದ ನಾವಿಬ್ಬರೂ ಒಂಬತ್ತು ವರ್ಷಗಳಿಂದ ಭಾನುವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಅದೇ ಸುಮಾರು 1,000 ಮೆಟ್ಟಿಲುಗಳನ್ನು ಹತ್ತುತ್ತಿದ್ದೇವೆ. ಮನೆಯಲ್ಲಿ ಬಾಡಿಗೆ, ಮಕ್ಕಳ ಶುಲ್ಕ, ಅತ್ತೆಯವರ ಔಷಧಿ ಎಂದಷ್ಟೇ ಸಾಗುವ ಮಾತು ಅಲ್ಲಿ ಬೇರೆಯದೇ ದಾರಿ ಹಿಡಿಯುತ್ತದೆ. ನನಗೆ ಮಂಡಿ ನೋವು ಶುರುವಾದ ಮೇಲೆ ನಮ್ಮ ಮನೆಯವರು ಬಾಯಿಬಿಟ್ಟು ಏನನ್ನೂ ಹೇಳದೆ, ಎರಡು ಮೆಟ್ಟಿಲು ಮೇಲೆ ನಿಂತು, ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವವರಿಗೆ ದಾರಿ ಬಿಡುವ ನೆಪದಲ್ಲಿ ನನಗಾಗಿ ಕಾಯುತ್ತಿದ್ದರೆಂಬುದು ಅರಿವಿಗೆ ಬಂದದ್ದು ಎಷ್ಟೋ ವಾರಗಳ ನಂತರ. ಮಗಳನ್ನು ಯಾವ ಕೋರ್ಸಿಗೆ ಸೇರಿಸಬೇಕೆಂಬ ಆರು ತಿಂಗಳ ಜಗಳ ಬಗೆಹರಿದದ್ದೂ, ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿಯ ಬಳಿ ಫ್ಲಾಸ್ಕಿನ ಕಾಫಿಯನ್ನು ಒಂದೇ ಲೋಟದಲ್ಲಿ ಹಂಚಿಕೊಂಡು ಕುಳಿತ ಹತ್ತು ನಿಮಿಷದಲ್ಲಿ. ಆ ಲೇಖನದಲ್ಲಿ ದಂಪತಿಗಳಿಗೆಂದು ಹೇಳಿರುವ ಕುಂಬಾರಿಕೆ ತರಗತಿ ಚೆನ್ನಾಗಿಯೇ ಇರಬಹುದು, ಆದರೆ ಅಲ್ಲಿ ಕಣ್ಣು ಕೈಯೆಲ್ಲ ಹೇಳಿಕೊಡುವವರ ಕಡೆಗೇ ಇರುತ್ತದೆ. ಹೊಸತೇ ಬೇಕೆನ್ನುವವರು 1940ರಲ್ಲಿ ಪಕ್ಷಿಧಾಮವಾದ ನಮ್ಮ ರಂಗನತಿಟ್ಟಿಗೆ ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ ಹೋಗಿ ನೋಡಲಿ. ದೋಣಿ ಅದೇ, ಕಾವೇರಿ ಅದೇ, ಕೊಂಬೆಯ ಮೇಲಿನ ಹಕ್ಕಿಗಳು ಮಾತ್ರ ಬೇರೆ.